ಬಿಡಲು ಗೊತ್ತಿರುವ ಅಂಟು

ಮಾತು ಶುರುವಾದದ್ದು ಮುರಿದ ಕನ್ನಡಕದಿಂದ. ಕಣ್ಣಿನ ವೈದ್ಯೆಯೊಬ್ಬರು ತಮ್ಮ ಕನ್ನಡಕದ ಕಡ್ಡಿಯನ್ನು ಫೆವಿಕ್ವಿಕ್ ಹಾಕಿ ಕೂರಿಸಲು ಹೋಗಿ ಹೆಬ್ಬೆಟ್ಟಿಗೆ ತೋರುಬೆರಳು ಅಂಟಿಸಿಕೊಂಡಿದ್ದರು. ಎದುರಿಗೆ ಕೂತಿದ್ದವರು ಪಕ್ಕದ ಮನೆಯ ನಿವೃತ್ತ ಪಶುವೈದ್ಯರು. ಜಡಿಮಳೆ ಹಿಡಿದಿದ್ದರಿಂದ ಅವರೂ ಏಳುವಂತಿರಲಿಲ್ಲ.

— ಎಳೀಬೇಡಿ ತಾಯಿ, ಚರ್ಮ ಕಿತ್ತು ಬರುತ್ತೆ. ಬೆಚ್ಚನೆ ನೀರು, ಸೋಪು. ಸ್ವಲ್ಪ ಹೊತ್ತಿಗೆ ತಾನಾಗೇ ಬಿಡುತ್ತೆ.

— ಗೊತ್ತು ಸರ್. ಇದನ್ನು ಡ್ರಾಪ್ಸ್ ಅಂದುಕೊಂಡು ಕಣ್ಣಿಗೇ ಬಿಟ್ಟುಕೊಂಡು ಬರೋರನ್ನೂ ನೋಡಿದ್ದೀನಿ. ಬಾಟಲಿ ಎರಡೂ ಒಂದೇ ಗಾತ್ರ, ರಾತ್ರಿ ಹೊತ್ತು, ಕನ್ನಡಕ ಬೇರೆ ತೆಗೆದಿಟ್ಟಿರುತ್ತಾರೆ. ರೆಪ್ಪೆ ಎರಡೂ ಹೊಲಿದ ಹಾಗೆ ಕೂಡಿಕೊಂಡಿರುತ್ತೆ.

— ಅಂಥವರನ್ನು ಬೈದು ಕಳಿಸಿ, ಆಮೇಲೆ ನೀವೂ ಅದನ್ನೇ ಕಣ್ಣಿಗೆ ಹಾಕ್ತೀರಂತಲ್ಲ.

— ಅದನ್ನಲ್ಲ, ಅದರ ದಾಯಾದಿಯನ್ನ. ಇದರಲ್ಲಿರೋದು ಈಥೈಲ್ ಸಯನೋಅಕ್ರಿಲೇಟ್. ನಾವು ಹಾಕೋದು ಬ್ಯುಟೈಲ್. ಕುಲ ಒಂದೇ, ಅಣುವಿನ ಬಾಲದ ಉದ್ದ ಬೇರೆ. ಬಾಲ ಮೋಟಾಗಿದ್ದಷ್ಟೂ ಬೇಗ ಒಡೆಯುತ್ತೆ, ಒಡೆದಾಗ ಫಾರ್ಮಾಲ್ಡಿಹೈಡ್ ಬರುತ್ತೆ. ಬಾಲ ಉದ್ದವಾದರೆ ನಿಧಾನ, ಮೈಗೆ ಅಷ್ಟು ವಿಷವಲ್ಲ.

— ಈ ಬಾಲ ಅಳೆದದ್ದು ಯಾರ ಕಣ್ಣಲ್ಲಿ?

— ಅಲ್ಲಿಗೇ ಬರ್ತೀರಿ ಅಂತ ಗೊತ್ತಿತ್ತು. ಬಹುಪಾಲು ಮೊಲದ ಕಣ್ಣಲ್ಲಿ. ಆದರೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಕೇಳಿ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್‌ನಲ್ಲಿ ಹ್ಯಾರಿ ಕೂವರ್ ಅನ್ನೋರು ಬಂದೂಕಿನ ಗುರಿಗಾಜಿಗೆ ಒಳ್ಳೇ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಿದ್ದರು. ಈ ವಸ್ತು ಸಿಕ್ಕಿತು, ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ತು, ಪೀಡೆ ಅಂತ ಬಿಸಾಕಿದರು. 1951ರಲ್ಲಿ ಅವರ ಜೊತೆಯವರಾದ ಫ್ರೆಡ್ ಜಾಯ್ನರ್ ಅದನ್ನೇ ಮತ್ತೆ ತಯಾರಿಸಿ, ಬೆಳಕು ಎಷ್ಟು ಬಾಗುತ್ತೆ ನೋಡೋಣ ಅಂತ ಎರಡು ಪಟ್ಟಕಗಳ ನಡುವೆ ಹಚ್ಚಿದರು. ದುಬಾರಿ ಉಪಕರಣ, ಪಟ್ಟಕ ಎರಡೂ ಕಚ್ಚಿಕೊಂಡುಬಿಟ್ಟವು. ಆಗ ಕೂವರ್‌ಗೆ ಹೊಳೆಯಿತು, ಇದು ಕೆಟ್ಟ ಪ್ಲಾಸ್ಟಿಕ್ ಅಲ್ಲ, ಒಳ್ಳೇ ಅಂಟು ಅಂತ. 1958ರಲ್ಲಿ ಈಸ್ಟ್‌ಮನ್ 910 ಅಂತ ಪೇಟೆಗೆ ಬಂತು. ಅದು ಮೀಥೈಲ್, ಎಲ್ಲಕ್ಕಿಂತ ಮೋಟು ಬಾಲ. 1963ರ ಹೊತ್ತಿಗೆ ಅದನ್ನು ಪ್ರಯೋಗಾಲಯದ ಪ್ರಾಣಿಗಳ ಕಣ್ಣಿಗೆ ಹಾಕಿ ನೋಡಿಯೂ ಆಗಿತ್ತು. ಅಂಟೇನೋ ಅಂಟಿತು. ಅಂಗಾಂಶ ಉರಿಯಿತು.

— ಐದು ವರ್ಷಕ್ಕೆ ಕಣ್ಣಿಗೆ ಬಂತೇ! ಕನ್ನಡಕಕ್ಕೆ ಬರೋ ಮುಂಚೆ.

— 1968ರಲ್ಲಿ ಬೋಸ್ಟನ್ನಿನವರು ಮನುಷ್ಯರ ತೂತು ಬಿದ್ದ ಎರಡು ಕಾರ್ನಿಯಾಗಳನ್ನು ಈ ಕುಲದ ಅಂಟಿನಿಂದ ಮುಚ್ಚಿದ್ದನ್ನು ಪ್ರಕಟಿಸಿದರು. ಆ ಗುಂಪಿನಲ್ಲಿ ಮಿಗೆಲ್ ರೆಫೋಹೊ ಅನ್ನೋ ರಸಾಯನಜ್ಞರಿದ್ದರು, ಕ್ಲಾಸ್ ಡೋಲ್ಮನ್ ಅನ್ನೋ ಶಸ್ತ್ರಚಿಕಿತ್ಸಕರಿದ್ದರು. ನಾವು ಇವತ್ತೂ ಮಾಡೋದು ಹೆಚ್ಚುಕಮ್ಮಿ ಅದನ್ನೇ.

— ಏನು ಮಾಡ್ತೀರಿ? ಬಿಡಿಸಿ ಹೇಳಿ.

— ಕಬ್ಬಿನ ಸೋಗೆ ಬಡಿದ ಕಣ್ಣು ಅಂತಿಟ್ಟುಕೊಳ್ಳಿ. ಅಥವಾ ಒಕ್ಕಣೆಯಲ್ಲಿ ಭತ್ತದ ಹೊಟ್ಟು ಸಿಡಿದದ್ದು. ನಾಲ್ಕು ದಿನ ಯಾವುದೋ ಸೊಪ್ಪಿನ ರಸ ಬಿಟ್ಟುಕೊಂಡಿರುತ್ತಾರೆ. ಬರೋ ಹೊತ್ತಿಗೆ ಬೂಷ್ಟು ಹಿಡಿದು, ಕಾರ್ನಿಯಾ ಕರಗಿ, ನಡುವೆ ಸಾಸಿವೆ ಕಾಳಿನಷ್ಟು ತೂತು. ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ ಒಳಗಿನ ನೀರು ಹಸಿರು ಝರಿಯ ಹಾಗೆ ಇಳಿಯೋದು ಕಾಣುತ್ತೆ. ಹೊಲಿಯೋಣ ಅಂದರೆ ಅಂಚು ಗಟ್ಟಿಯಿಲ್ಲ, ನೆನೆದ ಹಪ್ಪಳಕ್ಕೆ ಸೂಜಿ ಹಾಕಿದ ಹಾಗೆ. ಆಗ ಸುತ್ತಲಿನ ಸತ್ತ ಪದರ ಕೆರೆದು, ಸ್ಪಂಜಿನ ಮೊನೆಯಿಂದ ಒಣಗಿಸಿ, ಸೂಜಿ ತುದಿಯಲ್ಲಿ ಒಂದು ಪುಟ್ಟ ಹನಿ. ಅಂಟು ತೇವ ತಾಗಿದ ಕೂಡಲೇ ಗಟ್ಟಿಯಾಗುತ್ತೆ. ಗಟ್ಟಿಯಾದ ಮೇಲೆ ಒರಟು, ರೆಪ್ಪೆಗೆ ಗೀರುತ್ತೆ, ಅದಕ್ಕೇ ಮೇಲೊಂದು ಮೆತ್ತನೆ ಲೆನ್ಸ್.

— ಅಷ್ಟಕ್ಕೆ ವಾಸಿಯಾಯಿತೇ?

— ಅಂಟು ವಾಸಿ ಮಾಡೋದಿಲ್ಲ ಸರ್. ಅದು ಬಾಗಿಲಿಗೆ ಅಡ್ಡ ಇಟ್ಟ ಹಲಗೆ. ಅದರ ಕೆಳಗೆ ಕಣ್ಣು ತಾನೇ ಹೊಸ ಅಂಗಾಂಶ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡ ಮೇಲೆ ಹೊಸ ಮೇಲ್ಪದರ ಕೆಳಗಿನಿಂದ ಒತ್ತಿ ಬಂದು ಹಲಗೆಯನ್ನು ಆಚೆ ತಳ್ಳುತ್ತೆ. ಎಷ್ಟೋ ಸಲ ಅದು ಯಾವತ್ತು ಬಿತ್ತು ಅಂತ ರೋಗಿಗೇ ಗೊತ್ತಾಗೋದಿಲ್ಲ. ಜನ ಅಂದುಕೊಳ್ಳೋದು ಕಷ್ಟದ ಕೆಲಸ ಅಂಟಿಸೋದು ಅಂತ. ಅಲ್ಲ. ಅಂಟಿಸೋ ವಸ್ತು ಎಷ್ಟು ಬೇಕಾದರೂ ಸಿಗುತ್ತೆ. ಯಾವಾಗ ಬಿಡಬೇಕು, ಬಿಡುವಾಗ ಏನನ್ನು ಕಿತ್ತುಕೊಂಡು ಹೋಗಬಾರದು, ಅದು ಕಷ್ಟ. ಬೇಗ ಬಿದ್ದರೆ ಮತ್ತೆ ಸೋರುತ್ತೆ. ಬಹಳ ದಿನ ಉಳಿದರೆ ರಕ್ತನಾಳ ಬೆಳೆದು ಗಾಜಿನಂಥ ಕಾರ್ನಿಯಾ ಮಂಜಾಗುತ್ತೆ.

— ಹಾಗಾದರೆ ನನ್ನ ಜಗಳ ಅಲ್ಲಿಂದಲೇ ಶುರು. ಅಂಟುತ್ತೋ ಇಲ್ಲವೋ ನೋಡೋದಕ್ಕೆ ಜೀವಂತ ಮೊಲ ಯಾಕೆ ಬೇಕು?

— ಬೇಡ. ಅದಕ್ಕೆ ಮಟನ್ ಅಂಗಡಿ ಸಾಕು. ನಾವೆಲ್ಲ ಹೊಲಿಗೆ ಕಲಿತದ್ದೇ ಮೇಕೆ ಕಣ್ಣಿನ ಮೇಲೆ. ಬೆಳಿಗ್ಗೆ ಆರಕ್ಕೆ ಹೋಗಿ ಐಸಿನ ಡಬ್ಬಿಯಲ್ಲಿ ತರ್ತಿದ್ದೆವು, ಬಸ್ಸಿನಲ್ಲಿ ಪಕ್ಕದವರು ಟಿಫಿನ್ ಅಂದುಕೊಳ್ಳೋರು. ಹೊರದೇಶದಲ್ಲಿ ಹಂದಿ ಕಣ್ಣು. ಅದರಲ್ಲಿ ಒಂದು ಗಾಯ ಮಾಡಿ, ಅಂಟು ಹಾಕಿ, ಒಳಗೆ ಉಪ್ಪುನೀರು ಪಂಪ್ ಮಾಡ್ತಾ ಹೋಗೋದು, ಎಷ್ಟು ಒತ್ತಡಕ್ಕೆ ಸಿಡಿಯುತ್ತೆ ನೋಡೋದು. ಆರೋಗ್ಯವಂತ ಕಣ್ಣಿನ ಒಳಒತ್ತಡ ಸುಮಾರು 10ರಿಂದ 21 ಮಿಲಿಮೀಟರ್ ಪಾದರಸ. ಕಣ್ಣು ಉಜ್ಜಿಕೊಂಡರೆ ಅದರ ಎಷ್ಟೋ ಪಟ್ಟು ಏರುತ್ತೆ. ಅದನ್ನೂ ತಡೆಯಬೇಕು.

— ಸರಿ. ಸತ್ತ ಕಣ್ಣು ಅಷ್ಟು ಹೇಳುತ್ತೆ.

— ಅಷ್ಟೇ ಹೇಳುತ್ತೆ. ಸತ್ತ ಕಣ್ಣು ವಾಸಿಯಾಗೋದಿಲ್ಲ, ಹಾಗಾಗಿ ಅದು ಅಂಟನ್ನು ಆಚೆ ತಳ್ಳೋದೂ ಇಲ್ಲ. ಉರಿ ಏರೋದಿಲ್ಲ, ರಕ್ತನಾಳ ಬರೋದಿಲ್ಲ. ಬಿಡುವ ಪ್ರಶ್ನೆಗೆ ಉತ್ತರ ಇರೋದು ಬದುಕಿರುವ ಕಣ್ಣಿನಲ್ಲಿ ಮಾತ್ರ.

— ಇರಬಹುದು. ಆದರೆ ನಾನು ಆರು ವರ್ಷ ಒಂದು ಕಾಲೇಜಿನ ಪ್ರಾಣಿ ನೈತಿಕ ಸಮಿತಿಯಲ್ಲಿ ಕೂತಿದ್ದೆ. ಪಶುವೈದ್ಯ ಒಬ್ಬ ಇರಲೇಬೇಕು ಅಂತ ನಿಯಮ. ಬಂದ ಅರ್ಜಿಗಳಲ್ಲಿ ಅರ್ಧಕ್ಕರ್ಧ ನೀವು ಹೇಳಿದ ಮಟನ್ ಅಂಗಡಿ ಪ್ರಶ್ನೆಗಳೇ. ಅಂಟುತ್ತದೆಯೇ, ಎಷ್ಟು ಗಟ್ಟಿ. ಗುಂಪಿಗೆ ಆರು ಮೊಲ ಯಾಕೆ ಅಂತ ಕೇಳಿದರೆ, ಹಿಂದಿನವರು ಆರು ತೊಗೊಂಡಿದ್ದರು ಸಾರ್ ಅಂತ ಉತ್ತರ. ಸರಿ, ಮೊಲವೇ ಯಾಕಪ್ಪಾ ಅಂದರೆ ಅದಕ್ಕೂ ಅದೇ ಉತ್ತರ.

— ಮೊಲಕ್ಕೆ ಕಾರಣ ಇದೆ ಸರ್. ಕಣ್ಣು ದೊಡ್ಡದು, ಪ್ರಾಣಿ ಸಾಧು, ಸಾಕೋದು ಅಗ್ಗ.

— ಸಾಧು ಅನ್ನೋದು ಯಾವಾಗಿನಿಂದ ವೈಜ್ಞಾನಿಕ ಕಾರಣ ಆಯಿತು? ಹುಲಿ ಕಣ್ಣೂ ದೊಡ್ಡದೇ. ಈ ಮೊಲದ ಕಣ್ಣಿನ ದಾರಿ ಹಾಕಿಕೊಟ್ಟದ್ದು ಜಾನ್ ಡ್ರೇಜ್, 1944ರಲ್ಲಿ. ಸೋಪು, ಶಾಂಪೂ, ಬಣ್ಣ ಏನೇ ಬರಲಿ, ಬಿಳಿ ಮೊಲದ ಕಣ್ಣಿಗೆ ಹಾಕಿ ಎಷ್ಟು ಕೆಂಪಾಯಿತು ಅಂತ ಅಂಕ ಕೊಡೋದು. 1980ರಲ್ಲಿ ಹೆನ್ರಿ ಸ್ಪೈರಾ ನ್ಯೂಯಾರ್ಕ್ ಟೈಮ್ಸಿನಲ್ಲಿ ಪೂರಾ ಪುಟ ಜಾಹೀರಾತು ಕೊಟ್ಟು ಗಲಾಟೆ ಎಬ್ಬಿಸೋವರೆಗೆ ಯಾರೂ ಅದನ್ನು ದೊಡ್ಡದಾಗಿ ಪ್ರಶ್ನಿಸಲಿಲ್ಲ. ನಮ್ಮಲ್ಲಿ ಸೌಂದರ್ಯವರ್ಧಕಗಳಿಗೆ ಪ್ರಾಣಿಪರೀಕ್ಷೆ ನಿಷೇಧವಾದದ್ದು 2014ರಲ್ಲಿ.

— ಆ ಪರೀಕ್ಷೆಗೂ ಇದಕ್ಕೂ ಒಂದೇ ತಕ್ಕಡಿ ಬೇಡ ಸರ್. ಲಿಪ್‌ಸ್ಟಿಕ್ ಇಲ್ಲದೆ ಯಾರೂ ಕುರುಡಾಗೋದಿಲ್ಲ. ಇಲ್ಲಿ ಅರಿವಳಿಕೆ ಕೊಟ್ಟೇ ಗಾಯ ಮಾಡ್ತಾರೆ, ಸಾಮಾನ್ಯವಾಗಿ ಒಂದೇ ಕಣ್ಣಿಗೆ. ಇನ್ನೊಂದು ಕಣ್ಣನ್ನು ಮೊಲಕ್ಕೆ ಬಿಡ್ತಾರೆ.

— ಬಿಡ್ತಾರೆ ಅಂದಿರಿ! ನಾನು ತಕ್ಕಡಿ ಹಿಡಿಯೋನಲ್ಲ ತಾಯಿ, ನಾನು ಕೇಳೋದು ಸಾಕ್ಷಿಯ ಯೋಗ್ಯತೆ. ಮೊಲದ ಕಣ್ಣು ನಿಮಗೆ ನಿಜ ಹೇಳುತ್ತಾ?

— ಅದನ್ನು ನಾನೇ ಹೇಳಬೇಕು ಅಂತಿದ್ದೆ. ಪೂರ್ತಿ ಹೇಳೋದಿಲ್ಲ. ಕಾರ್ನಿಯಾದ ಒಳಗೋಡೆಯಲ್ಲಿ ಒಂದೇ ಸಾಲು ಜೀವಕೋಶ ಇರುತ್ತೆ, ಎಂಡೋಥೀಲಿಯಂ ಅಂತ. ನೀರು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿ ಇಡೋದು ಅದೇ. ಮನುಷ್ಯನಿಗೆ ಅದು ಸತ್ತರೆ ಸತ್ತ ಹಾಗೇ, ಮತ್ತೆ ಹುಟ್ಟೋದಿಲ್ಲ ಅಂತಲೇ ಅನ್ನಬೇಕು. ಮೊಲಕ್ಕೆ ಹುಟ್ಟುತ್ತೆ. ಅಂದರೆ ತೂತಿನಿಂದ ಅಂಟು ಒಳಗಿಳಿದು ಆ ಸಾಲನ್ನು ಸುಟ್ಟಿತು ಅಂತಿಟ್ಟುಕೊಳ್ಳಿ. ಮೊಲದ ಕಣ್ಣು ಕೆಲವು ವಾರಕ್ಕೆ ಮತ್ತೆ ತಿಳಿಯಾಗಬಹುದು, ನಾವು ಅಪಾಯವಿಲ್ಲ ಅಂತ ಬರೆದುಕೊಳ್ತೀವಿ. ಅದೇ ಅಂಟು ರೈತನ ಕಣ್ಣಿಗೆ ಇಳಿದರೆ ಕಥೆ ಬೇರೆ.

— ಇದಕ್ಕೆ ನಾನು ಇನ್ನೆರಡು ಸೇರಿಸ್ತೀನಿ. ಮನುಷ್ಯ ನಿಮಿಷಕ್ಕೆ ಹತ್ತು ಹದಿನೈದು ಸಲ ರೆಪ್ಪೆ ಬಡಿದರೆ ಮೊಲ ಹಲವು ನಿಮಿಷಕ್ಕೊಂದು ಸಲ. ನಿಮ್ಮ ಅಂಟಿಗೆ ರೆಪ್ಪೆಯ ಉಜ್ಜಾಟವೇ ಇಲ್ಲ. ಮೊಲದ ಮೇಲೆ ಎರಡು ವಾರ ನಿಂತದ್ದು ಮನುಷ್ಯನ ಮೇಲೆ ಎರಡು ದಿನ ನಿಲ್ಲುತ್ತೋ ಇಲ್ಲವೋ. ಅದರ ಮೇಲೆ ಮೊಲಕ್ಕೆ ಮೂರನೇ ರೆಪ್ಪೆ ಬೇರೆ ಉಂಟು. ಅದು ಅಡ್ಡ ಬರುತ್ತೆ ಅಂತ ಎಷ್ಟೋ ಪ್ರಯೋಗಗಳಲ್ಲಿ ಕತ್ತರಿಸಿಬಿಡ್ತಾರೆ.

— ಇನ್ನೊಂದು ತಮಾಷೆ ಇದೆ. ಮೊಲದ ಕಣ್ಣನ್ನು ಶಸ್ತ್ರಕ್ರಿಯೆಗೆ ತೆರೆದರೆ ಅದು ಒಳಗೇ ರಾಶಿ ರಾಶಿ ಫೈಬ್ರಿನ್ ಸುರಿಸಿಕೊಳ್ಳುತ್ತೆ, ನಮಗಿಂತ ಬಹಳ ಜಾಸ್ತಿ. ನಮ್ಮ ಇನ್ನೊಂದು ಅಂಟು ಇರೋದೇ ಫೈಬ್ರಿನ್.

— ರಕ್ತ ಹೆಪ್ಪುಗಟ್ಟೋ ನಾರು.

— ಅದೇ. ದಾನಿಗಳ ಪ್ಲಾಸ್ಮಾದಿಂದ ತೆಗೆದ ಫೈಬ್ರಿನೋಜನ್ ಒಂದು ಸಿರಿಂಜಿನಲ್ಲಿ, ಥ್ರಾಂಬಿನ್ ಇನ್ನೊಂದರಲ್ಲಿ. ಎರಡೂ ಕೂಡಿದರೆ ಗಾಯದ ಹೆಪ್ಪಿನಂಥದೇ ಹೆಪ್ಪು. ಕಾರ್ನಿಯಾ ಕಸಿಯನ್ನು ಹೀಗೆ ಹಿಡಿಸಬಹುದೇ ಅಂತ 1940ರ ದಶಕದಲ್ಲೇ ಮೊಲಗಳಲ್ಲಿ ನೋಡಿದ್ದರು. ಕಣ್ಣಿನ ಮಟ್ಟಿಗೆ ಸಯನೋಅಕ್ರಿಲೇಟಿಗಿಂತ ಹಳೇ ಕಥೆ. ಈಗ ಕಣ್ಣಿನ ಪೊರೆಮಾಂಸ ತೆಗೆದ ಮೇಲೆ ಹೊಸ ಪದರ ಹಚ್ಚೋದಕ್ಕೆ ದಿನಾ ಬಳಸ್ತೀವಿ. ಚಂಡೀಗಢದ ಪಿಜಿಐ ಆಸ್ಪತ್ರೆಯವರು ತೂತು ಬಿದ್ದ ಕಾರ್ನಿಯಾಗಳಲ್ಲಿ ಎರಡು ಅಂಟನ್ನೂ ಹೋಲಿಸಿ 2003ರಲ್ಲಿ ಬರೆದರು. 3 ಮಿಲಿಮೀಟರಿನವರೆಗಿನ ತೂತಿಗೆ ಎರಡೂ ಆಗುತ್ತೆ. ಫೈಬ್ರಿನ್ ಹಾಕಿದಲ್ಲಿ ಬೇಗ ವಾಸಿ, ರಕ್ತನಾಳವೂ ಕಮ್ಮಿ, ಆದರೆ ಬಿರಡೆ ಕಟ್ಟೋದು ನಿಧಾನ. ನನ್ನ ಮಟ್ಟಿಗೆ ಆ ವಿಷಯದಲ್ಲಿ ನೂರು ಮೊಲಗಳ ವರದಿಗಿಂತ ಅದೊಂದು ಲೇಖನ ಹೆಚ್ಚು ಕಲಿಸಿತು. ಯಾಕಂದರೆ ರೆಪ್ಪೆ ಬಡಿಯೋರು, ಕಣ್ಣುಜ್ಜಿಕೊಳ್ಳೋರು, ಔಷಧಿ ಮರೆಯೋರು ಅಲ್ಲಿದ್ದರು.

— ಮತ್ತೆ ಮೊಲದ ಅಗತ್ಯ ಎಲ್ಲಿ ಉಳಿಯಿತು? ನೀವೇ ನನ್ನ ವಾದ ಮುಗಿಸಿಕೊಟ್ಟಿರಿ.

— ಹೊಸ ಅಂಟು ಮೊದಲ ಸಲ ಜೀವಕ್ಕೆ ತಾಗುವಾಗ ಉಳಿಯುತ್ತೆ. 2017ರಲ್ಲಿ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಒಂದು ಜೆಲ್ ತೋರಿಸಿದರು. ತಣ್ಣಗಿದ್ದಾಗ ಸಿರಿಂಜಿನಿಂದ ಹರಿಯುತ್ತೆ, ಮೈಬಿಸಿ ತಾಗಿದರೆ ಬಿರಡೆಯಾಗುತ್ತೆ. ಯುದ್ಧದಲ್ಲಿ ಕಣ್ಣುಗುಡ್ಡೆಯ ಬಿಳಿಭಾಗ ಹರಿದವನಿಗೆ ಅಲ್ಲೇ ಅದನ್ನು ತುಂಬಿ ಕಳಿಸಿ, ಆಸ್ಪತ್ರೆ ತಲುಪಿದ ಮೇಲೆ ತಣ್ಣೀರು ಬಿಟ್ಟರೆ ಮತ್ತೆ ಮೆತ್ತಗಾಗಿ ಎದ್ದು ಬರುತ್ತೆ. ಆಮೇಲೆ ನಿಧಾನವಾಗಿ ಹೊಲಿದುಕೊಳ್ಳಬಹುದು. ಎಷ್ಟು ಚೆಂದ ನೋಡಿ, ಬಿಡುವುದನ್ನೇ ಮೊದಲು ಯೋಚಿಸಿ ಮಾಡಿದ ಅಂಟು. ಅದು ರೆಟಿನಾಕ್ಕೆ ವಿಷವಾಗುತ್ತದೆಯೇ ಅಂತ ಮೊಲಗಳಲ್ಲಿ ನಾಲ್ಕು ವಾರ ನೋಡಿದರು. ಆ ನಾಲ್ಕು ವಾರವನ್ನು ಮೇಕೆ ಕಣ್ಣಿನ ಡಬ್ಬಿಯಲ್ಲಿ ನೋಡೋದು ಹೇಗೆ? ನೇರವಾಗಿ ಸಿಪಾಯಿಯ ಕಣ್ಣಿಗೆ ತುಂಬೋಣವೇ?

— ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಪ್ಪಿದೆ.

— 2019ರಲ್ಲಿ ಬಂದದ್ದು ಜೆಲಟಿನ್ನಿನದು, ಕಣ್ಣಿಗೆ ಕಾಣೋ ಬೆಳಕು ಬಿಟ್ಟರೆ ಗಟ್ಟಿಯಾಗುತ್ತೆ, ಮೊಲದ ಕಾರ್ನಿಯಾ ಅದರೊಳಕ್ಕೇ ಬೆಳೆದುಕೊಳ್ಳುತ್ತೆ. ಇಲ್ಲೇ ಬೆಂಗಳೂರಿನಲ್ಲಿ ಪ್ಯಾಂಡೋರಮ್ ಅನ್ನೋ ಕಂಪನಿಯವರು ಕಾರ್ನಿಯಾ ಗಾಯಕ್ಕೆ ಇಂಥದೇ ಜೆಲ್ಲಿನ ಹಿಂದೆ ಬಿದ್ದಿದ್ದಾರೆ. ಇವರಿಗೆಲ್ಲ ಇಷ್ಟು ಅವಸರ ಯಾಕೆ ಗೊತ್ತೇ? ದಾನದ ಕಣ್ಣು ಸಾಲದು. ರಾಜ್‌ಕುಮಾರ್ 2006ರಲ್ಲಿ ಹೋದಾಗ ಕಣ್ಣು ಕೊಟ್ಟು ಹೋದರು, 2021ರಲ್ಲಿ ಪುನೀತ್ ಹೋದಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಆಮೇಲೆ ಸಾಲುಗಟ್ಟಿ ಜನ ಹೆಸರು ಬರೆಸಿದರು. ಆದರೂ ರಾತ್ರಿ ಹನ್ನೊಂದಕ್ಕೆ ತೂತು ಬಿದ್ದ ಕಣ್ಣು ಬಂದರೆ ಕಾರ್ನಿಯಾ ಕೈಗೆ ಸಿಗೋದಿಲ್ಲ. ಒಂದು ಹನಿ ಅಂಟು ಆ ಕಣ್ಣಿಗೆ ಎರಡು ತಿಂಗಳ ವಾಯಿದೆ ಕೊಡಿಸುತ್ತೆ.

— ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರವೇ ಬೇಡರ ಕಣ್ಣಪ್ಪ, 1954. ಕಣ್ಣು ಕಿತ್ತು ಶಿವನಿಗೆ ಅಂಟಿಸಿದವನ ಕಥೆ. ಕೊನೆಗೆ ನಟನೂ ಹಾಗೇ ಮಾಡಿದ ನೋಡಿ. ಆದರೆ ತಾಯಿ, ಕಣ್ಣಪ್ಪ ತಾನಾಗಿ ಕೊಟ್ಟ. ಮೊಲ ಕೊಟ್ಟದ್ದಲ್ಲ.

— ಅದು ಗೊತ್ತು ಸರ್. ಫೆಲೋಶಿಪ್ಪಿನಲ್ಲಿ ನಾನೂ ಮೊಲಗಳ ಮೇಲೆ ಅಂಟಿನ ಕೆಲಸ ಮಾಡಿದ್ದೀನಿ. ಇದುವರೆಗೆ ನಿಮಗೆ ಹೇಳಿರಲಿಲ್ಲ.

— ನಿಮ್ಮ ಮಾತಿನಲ್ಲೇ ಅಂದಾಜಾಯಿತು. ನೋವಿಗೆ ಏನು ಕೊಡ್ತಿದ್ದಿರಿ?

— ಮೊದಲ ದಿನ ಇಂಜೆಕ್ಷನ್. ಎರಡನೇ ದಿನದಿಂದ ಹುಲ್ಲು ತಿಂತಿತ್ತು, ಸುಮ್ಮನೆ ಕೂತಿರ್ತಿತ್ತು. ಕಿರುಚಲಿಲ್ಲ. ನೋವಿಲ್ಲ ಅಂತ ಬರೆದುಕೊಂಡೆ.

— ಮೊಲ ಕಿರುಚೋದು ನಾಯಿ ಬಾಯಿಗೆ ಸಿಕ್ಕಾಗ. ಬೇಟೆಯಾಗೋ ಪ್ರಾಣಿ ನೋವನ್ನು ತೋರಿಸಿಕೊಂಡರೆ ಅವತ್ತೇ ಅದರ ಕೊನೆ. ಹಾಗಾಗಿ ಸುಮ್ಮನೆ ಕೂತಿತ್ತು ಅನ್ನೋದು ನನ್ನ ಪ್ರಕಾರ ನೆಮ್ಮದಿಯ ಗುರುತಲ್ಲ. 2012ರಲ್ಲಿ ಮೊಲದ ಮುಖ ನೋಡಿ ನೋವು ಅಳೆಯೋ ಕೋಷ್ಟಕವೊಂದು ಬಂತು. ಕೆನ್ನೆ ಚಪ್ಪಟೆಯಾಗೋದು, ಮೂಗು ಚೂಪಾಗೋದು, ಮೀಸೆ, ಕಿವಿ. ಮತ್ತೆ ಕಣ್ಣು ಕಿರಿದಾಗೋದು. ಈಗ ನೀವೇ ಯೋಚಿಸಿ, ಕಣ್ಣಿಗೇ ಗಾಯ ಮಾಡಿ, ಅಂಟು ಮೆತ್ತಿ, ಎಷ್ಟೋ ಸಲ ರೆಪ್ಪೆಯನ್ನೂ ಹೊಲಿದಿಟ್ಟ ಮೊಲದಲ್ಲಿ ಆ ಗುರುತು ಓದೋದು ಹೇಗೆ? ನೋವು ಹೇಳೋ ಕಿಟಕಿಯನ್ನೇ ನಾವು ಮುಚ್ಚಿರ್ತೀವಿ. ಅದಕ್ಕೇ ಸಮಿತಿಯಲ್ಲಿ ನಾನು ಒಂದು ಹಠ ಹಿಡಿದಿದ್ದೆ. ಕಣ್ಣಿನ ಅರ್ಜಿ ಬಂದರೆ, ನೋವು ಕಂಡರೆ ಔಷಧಿ ಅಂತ ಬರೆಯೋ ಹಾಗಿಲ್ಲ, ದಿನ ಎಣಿಸಿ ಔಷಧಿ ಅಂತ ಬರೀಬೇಕು. ಇದಕ್ಕೆ ನನ್ನನ್ನು ಅರಸಿಕ ಅಂತ ಕರೆದವರೂ ಉಂಟು.

— ನಾನಿದ್ದ ಕಡೆ ನಿಮ್ಮಂಥವರು ಇರಲಿಲ್ಲ.

— ಇದ್ದರೂ ನಿಮಗೆ ಆಗ ಸಿಟ್ಟು ಬರೋದು. ಇರಲಿ. ನನಗೂ ಋಣ ಇದೆ. ನಿವೃತ್ತಿಗೆ ಎರಡು ವರ್ಷ ಮುಂಚೆ ಒಂದು ಪಗ್ ನಾಯಿ ತಂದಿದ್ದರು. ಆ ಜಾತಿಗೆ ಕಣ್ಣು ಮುಂದಕ್ಕೇ ಚಾಚಿರುತ್ತೆ, ಏನು ತಾಗಿದರೂ ಹುಣ್ಣು. ಕಾರ್ನಿಯಾ ಸವೆದು ಕೊನೇ ಪೊರೆ ಗುಳ್ಳೆಯ ಹಾಗೆ ಉಬ್ಬಿತ್ತು. ಮೈಸೂರಿಗೆ ಬೆಂಗಳೂರಿಗೆ ಕಳಿಸೋ ಹೊತ್ತಲ್ಲ. ನಿಮ್ಮ ಬ್ಯುಟೈಲ್ ಅಂಟೇ ಹಾಕಿದೆ. ಕಣ್ಣು ಉಳೀತು. ಮೊಲದಿಂದ ಮನುಷ್ಯನಿಗೆ ಹೋದದ್ದು ನಾಯಿಗೆ ವಾಪಸ್ಸು ಬಂತು. ಮೊಲಕ್ಕೆ ಮಾತ್ರ ಇನ್ನೂ ಬಂದಿಲ್ಲ.

— ಈಗ ಸ್ವಲ್ಪ ಬದಲಾಗಿದೆ ಸರ್. ಓಸಿಟಿ ಅಂತ ಯಂತ್ರ ಬಂದ ಮೇಲೆ ಕಣ್ಣು ಮುಟ್ಟದೆ ಕಾರ್ನಿಯಾದ ಪದರಗಳನ್ನು ಸೀಳಿದ ಹಾಗೆ ನೋಡಬಹುದು. ಮೊದಲು ಮೂರನೇ ದಿನಕ್ಕೆ ಕೆಲವು ಮೊಲ, ಏಳನೇ ದಿನಕ್ಕೆ ಕೆಲವು, ಹದಿನಾಲ್ಕಕ್ಕೆ ಕೆಲವು ಅಂತ ತೆಗೆದು ಕಣ್ಣು ಕತ್ತರಿಸಬೇಕಿತ್ತು. ಈಗ ಒಂದೇ ಮೊಲವನ್ನು ಎಲ್ಲ ದಿನವೂ ನೋಡಬಹುದು. ಲೆಕ್ಕ ಎಷ್ಟೋ ಇಳಿಯುತ್ತೆ. ಇಳಿಸದೆ ಹಳೇ ಲೆಕ್ಕದಲ್ಲೇ ಅರ್ಜಿ ಹಾಕೋರನ್ನು ನೀವು ಓಡಿಸಿದ್ದು ಸರಿ.

— ಮತ್ತೆ ಕೊನೇ ದಿನ?

— ಅಂದರೆ?

— ರಸೆಲ್ ಮತ್ತು ಬರ್ಚ್ 1959ರಲ್ಲಿ ಮೂರು ಸೂತ್ರ ಹೇಳಿದರು. ಪ್ರಾಣಿಯ ಬದಲು ಬೇರೆ ದಾರಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು. ನಮ್ಮ ದೇಶದ ಸಮಿತಿ ಅದಕ್ಕೆ ನಾಲ್ಕನೆಯದು ಸೇರಿಸಿತು, ಪುನರ್ವಸತಿ. ಪ್ರಯೋಗ ಮುಗಿದ ಮೇಲೆ ಪ್ರಾಣಿ ಏನಾಗಬೇಕು ಅನ್ನೋದೂ ಪ್ರಯೋಗ ಮಾಡಿದವನ ಹೊಣೆ. ಆರು ವರ್ಷದಲ್ಲಿ ಆ ಅಂಕಣವನ್ನು ಖಾಲಿ ಬಿಡದ ಒಂದು ಕಣ್ಣಿನ ಅರ್ಜಿಯೂ ನನ್ನ ಮುಂದೆ ಬರಲಿಲ್ಲ.

— ಅಂಗಾಂಶ ನಿಜವಾಗಿ ಕೂಡಿತೋ ಇಲ್ಲವೋ ಅನ್ನೋದು ಕೊನೆಗೂ ಗೊತ್ತಾಗೋದು ಸೂಕ್ಷ್ಮದರ್ಶಕದಲ್ಲೇ ಸರ್. ಅದಕ್ಕೆ ಕಣ್ಣು ಹೊರಗೆ ಬರಲೇಬೇಕು.

— ನಾನು ಬೇಡ ಅನ್ನಲಿಲ್ಲವಲ್ಲ. ನೀವು ಪತ್ರಿಕೆಗೆ ಬರೀತೀರಿ. ಮುಂದಿನ ಸಲ ಮೊಲಗಳ ಮೇಲೆ ಹೊಸ ಅಂಟು ಯಶಸ್ವಿ ಅಂತ ಬರೆದಾಗ ಮೂರು ವಿಷಯ ಸೇರಿಸಿ. ಎಷ್ಟು ಮೊಲ, ಎಷ್ಟು ದಿನ, ಆಮೇಲೆ ಏನಾಯಿತು. ಓದುವವರಿಗೆ ಅಷ್ಟು ಗೊತ್ತಿರಲಿ. ನಿಮ್ಮದನ್ನೇ ಹೇಳಿ ನೋಡೋಣ.

— 12 ಮೊಲ. 28 ದಿನ. ಒಂದೂ ಉಳಿಯಲಿಲ್ಲ.